ಗುಂಡಿಗೆ ಇಳಿದಾಗ ಮುಂದಿನ ಚಕ್ರದಿಂದ ಟಕ್ ಟಕ್: ಯಾವ ಜಾಯಿಂಟ್ ಹೋಗಿದೆ ಅಂತ ಪತ್ತೆ ಮಾಡೋದು ಹೇಗೆ?

ಸಾಗರ ಸವಾರ:

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್, 90,000 ಕಿ.ಮೀ. ದಾಟಿದೆ. ಸಾಗರ, ಹೊಸನಗರ ನಡುವೆ ದಿನಾ ಓಡಾಟ, ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಗೊತ್ತಲ್ವಾ. ಕೆಲವು ವಾರದಿಂದ ಮುಂದಿನ ಎಡ ಚಕ್ರದ ಕಡೆಯಿಂದ ಟಕ್ ಟಕ್ ಸದ್ದು. ನಿಧಾನವಾಗಿ ಹೋಗುವಾಗ, ಒಂದೇ ಕಡೆಯ ಚಕ್ರ ಗುಂಡಿಗೆ ಇಳಿದಾಗ ಜಾಸ್ತಿ. ಸ್ಪೀಡ್‌ನಲ್ಲಿ ಕೇಳಿಸುವುದಿಲ್ಲ. ಜೊತೆಗೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ, ಎಡ ಟೈರ್‌ನ ಒಳ ಅಂಚು ಬೋಳಾಗುತ್ತಾ ಬಂದಿದೆ. ಅಲೈನ್‌ಮೆಂಟ್ ಮಾಡಿಸಿದರೆ ಸ್ವಲ್ಪ ದಿನಕ್ಕೇ ಮತ್ತೆ ಅದೇ ಕಥೆ.

ಗ್ಯಾರೇಜ್‌ನವರು ಒಂದು ರೌಂಡ್ ಓಡಿಸಿ ಬಂದು, ಎರಡೂ ಕಡೆ ಲೋವರ್ ಆರ್ಮ್, ಲಿಂಕ್ ರಾಡ್, ಟೈ ರಾಡ್ ಎಂಡ್, ಶಾಕ್ ಅಬ್ಸಾರ್ಬರ್ ಎಲ್ಲಾ ಹಾಕಿಸಿ ಅಂತ ಚೀಟಿ ಬರೆದುಕೊಟ್ಟರು. ಗಾಡಿಯನ್ನು ಜಾಕ್ ಮೇಲೆ ಎತ್ತಿಯೂ ನೋಡಲಿಲ್ಲ. ದುಡ್ಡು ಹಾಕೋಕೆ ತಯಾರಿದ್ದೇನೆ, ಆದರೆ ಹಾಳಾಗಿದ್ದಕ್ಕೆ ಮಾತ್ರ. ಮನೆಯಲ್ಲೇ ಚೆಕ್ ಮಾಡಬಹುದಾ? ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು, ಆ ಚಿಂತೆಯೂ ಇದೆ.

ಪಾನಾ 17:

ಸರ್, ಒಂದೇ ಚಕ್ರ ಇಳಿದಾಗ ಬರುವ ಟಕ್ ಟಕ್ ಬಹಳ ಸಲ ಲಿಂಕ್ ರಾಡ್‌ದು, ಅಂದರೆ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ತುದಿಯ ಸಣ್ಣ ರಾಡ್‌ದು. ಟೈರ್ ತಿನ್ನುವುದು, ಅಲೈನ್‌ಮೆಂಟ್ ನಿಲ್ಲದೇ ಇರುವುದು ಟೈ ರಾಡ್ ಎಂಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ರಾಡ್‌ನ ತುದಿಯ ಜಾಯಿಂಟ್) ಅಥವಾ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ರಬ್ಬರ್ ಬುಷ್‌ದು. ಆದರೆ ಸದ್ದು ಕೇಳಿ ಹೇಳುವುದೆಲ್ಲ ಅಂದಾಜು, ಕೈಗೆ ಆಟ, ಅಂದರೆ ಜಾಯಿಂಟ್‌ನ ಸಡಿಲ, ಸಿಗಬೇಕು.

ಮೊದಲು ಟೈ ರಾಡ್. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಆಫ್ ಮಾಡಿ, ಕೀ ಹಾಕಿ ಸ್ಟೀರಿಂಗ್ ಲಾಕ್ ಮಾತ್ರ ಬಿಡಿಸಿ. ಮನೆಯವರೊಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಲಿ, ಚಕ್ರ ತಿರುಗುವಷ್ಟು ಬೇಡ. ನೀವು ಚಕ್ರದ ಹಿಂದೆ ಕೈ ಹಾಕಿ, ಜಾಯಿಂಟನ್ನೂ ಅದು ಕೂರುವ ನಕಲ್‌ನ (ಚಕ್ರದ ಹಬ್ ಹೊತ್ತ ಲೋಹದ ಭಾಗ) ಕಿವಿಯನ್ನೂ ಒಟ್ಟಿಗೆ ಹಿಡಿಯಿರಿ. ಒಳ್ಳೆಯ ಜಾಯಿಂಟ್ ಆದರೆ ಎರಡೂ ಒಟ್ಟಿಗೇ ಅಲುಗುತ್ತವೆ. ಸವೆದಿದ್ದರೆ ಮೊದಲು ರಾಡ್ ಅಲುಗಿ ಆಮೇಲೆ ನಕಲ್ ಅಲುಗುತ್ತದೆ, ಆ ಸಣ್ಣ ಟಿಕ್ ಬೆರಳಿಗೇ ಗೊತ್ತಾಗುತ್ತದೆ. ಇದೇ ಹೊತ್ತಲ್ಲಿ ಲಿಂಕ್ ರಾಡನ್ನೂ ಹಿಡಿದು ಜಗ್ಗಿ ನೋಡಿ. ಒಂದು ಚಕ್ರ ಮಾತ್ರ ಎತ್ತಿ ಲಿಂಕ್ ನೋಡಬೇಡಿ, ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗುತ್ತದೆ, ಆಟ ಇದ್ದರೂ ಸಿಗಲ್ಲ.

ಆಮೇಲೆ ಜಾಕ್ ಹಾಕಿ ಚಕ್ರ ನೇತಾಡುವಂತೆ ಮಾಡಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೈ ಹಾಕಲೇಬೇಡಿ. ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಲೋವರ್ ಆರ್ಮ್ ನಕಲ್‌ಗೆ ಸೇರುವ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗೂ ಇರಬಹುದು. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ಹೋದರೆ ಬೇರಿಂಗ್, ಹೋಗದಿದ್ದರೆ ಬಾಲ್ ಜಾಯಿಂಟ್. ಖಾತ್ರಿಗೆ ಸಣ್ಣ ಹಾರೆಯೊಂದನ್ನು ಲೋವರ್ ಆರ್ಮ್ ಮತ್ತು ನಕಲ್ ನಡುವೆ ಇಟ್ಟು ಮೆಲ್ಲಗೆ ಮೀಟಿ, ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿಯದಂತೆ. ಆರ್ಮ್‌ನ ಹಿಂದಿನ ಬುಷ್ ಸೀಳಿದೆಯಾ ಅಂತಲೂ ಆಗಲೇ ಟಾರ್ಚ್ ಹಾಕಿ ನೋಡಿ.

ಘಾಟಿ ಡ್ರೈವರ್:

ಮೇಲಿನವರು ಹೇಳಿದ್ದು ಸರಿ, ನಾನು ಘಾಟಿ ವಿಷಯ ಮಾತ್ರ ಹೇಳುತ್ತೇನೆ. ಲಿಂಕ್ ರಾಡ್ ಹೋದರೆ ಸದ್ದು ಬರುತ್ತದೆ, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಅಷ್ಟೇ. ಬಾಲ್ ಜಾಯಿಂಟ್, ಟೈ ರಾಡ್ ಹಾಗಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ವಾಲಿ ಗಾಡಿ ಆ ಮೂಲೆಗೆ ಕುಸಿಯುತ್ತದೆ. ಟೈ ರಾಡ್ ಕಳಚಿದರೆ ಆ ಚಕ್ರ ಸ್ಟೀರಿಂಗ್ ಮಾತು ಕೇಳಲ್ಲ. ಈ ಎರಡರಲ್ಲಿ ಆಟ ಸಿಕ್ಕರೆ ಆಗುಂಬೆ ಬಿಡಿ, ಸಾಗರ ಪೇಟೆಗೂ ಓಡಿಸಬೇಡಿ. ಅಮ್ಮನನ್ನು ಬಸ್ಸಲ್ಲೋ ಬಾಡಿಗೆ ಗಾಡಿಯಲ್ಲೋ ಕರೆದುಕೊಂಡು ಹೋಗಿ.

ಸಾಗರ ಸವಾರ:

ಇಬ್ಬರಿಗೂ ಥ್ಯಾಂಕ್ಸ್. ತಮ್ಮನನ್ನು ಕೂರಿಸಿಕೊಂಡು ನೋಡಿದೆ. ಎಡ ಟೈ ರಾಡ್ ಎಂಡ್‌ನಲ್ಲಿ ಟಿಕ್ ಸ್ಪಷ್ಟವಾಗಿ ಸಿಕ್ಕಿತು, ಬೂಟ್ ಹರಿದು ಗ್ರೀಸ್ ಇದ್ದ ಜಾಗದಲ್ಲಿ ಕೆಂಪು ಮಣ್ಣು ತುಂಬಿದೆ. ಎಡ ಲಿಂಕ್ ರಾಡ್ ಕೈಯಲ್ಲೇ ಗಡಗಡ ಅನ್ನುತ್ತದೆ. ಬಾಲ್ ಜಾಯಿಂಟ್ ಎರಡೂ ಕಡೆ ಗಟ್ಟಿ. ಶಾಕ್ ಅಬ್ಸಾರ್ಬರ್‌ನಲ್ಲಿ ಆಯಿಲ್ ಲೀಕ್ ಇಲ್ಲ. ಲೋವರ್ ಆರ್ಮ್ ಬುಷ್ ಮೇಲೆ ಸಣ್ಣ ಸಣ್ಣ ಬಿರುಕು ಕಾಣುತ್ತವೆ, ಅದನ್ನೇನು ಮಾಡಲಿ? ಗಾಡಿ ನಿಲ್ಲಿಸಿದ್ದೇನೆ. ಟೈ ರಾಡ್ ಎಂಡ್ ನಾನೇ ಹಾಕಬಹುದಾ?

ಜೆ.ಸಿ. ರೋಡ್:

ಟೈ ರಾಡ್ ಎಂಡ್, ಲಿಂಕ್ ರಾಡ್ ಎರಡನ್ನೂ ಜೋಡಿಯಾಗಿ ತೆಗೆದುಕೊಳ್ಳಿ. ಎರಡೂ ಕಡೆಯವು ಅಷ್ಟೇ ಓಡಿವೆ. ಡಬ್ಬಿ ನೋಡಿ ಮೋಸ ಹೋಗಬೇಡಿ, ನಕಲಿ ಮಾಲು ಬಹಳ ಇದೆ. ಹೊಸ ಜಾಯಿಂಟ್‌ನ ಬೋಲ್ಟ್ ಕೈಯಲ್ಲಿ ತಿರುಗಿಸಿದಾಗ ಬಿಗಿಯಾಗಿ, ಒಂದೇ ಸಮನಾಗಿ ತಿರುಗಬೇಕು. ಸಡಿಲವಾಗಿ ಆಡಿದರೆ ಅಂಗಡಿಯಲ್ಲೇ ವಾಪಸ್ ಕೊಡಿ. ಬಿಲ್ ಇಲ್ಲದೆ ಸ್ಟೀರಿಂಗ್ ಪಾರ್ಟ್ ತರಬೇಡಿ.

ಪಾನಾ 17:

ಜೋಡಿಯ ಮಾತು ಲಿಂಕ್‌ಗೆ ಒಪ್ಪುತ್ತೇನೆ. ಬಲ ಟೈ ರಾಡ್‌ನಲ್ಲಿ ಆಟ ಇಲ್ಲದೆ ಬೂಟ್ ಚೆನ್ನಾಗಿದ್ದರೆ ನಾನಾದರೆ ಮುಟ್ಟಲ್ಲ.

ಕೈಗೆ ಸ್ವಲ್ಪ ಅಭ್ಯಾಸ ಇದ್ದರೆ ನೀವೇ ಹಾಕಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಜಾಯಿಂಟನ್ನು ರಾಡ್‌ಗೆ ಬಿಗಿದಿಡುವ ಲಾಕ್ ನಟ್ಟನ್ನು ಜಾಯಿಂಟ್ ಚಕ್ರದಲ್ಲಿ ಇರುವಾಗಲೇ ಸಡಿಲ ಮಾಡಿ, ಬಿಚ್ಚಿದ ಮೇಲೆ ಹಿಡಿಯೋಕೆ ಏನೂ ಇರಲ್ಲ. ನಟ್ ಇದ್ದ ಜಾಗಕ್ಕೆ ಪೇಂಟ್ ಗುರುತು ಹಾಕಿ, ಹಳೆಯದು ಎಷ್ಟು ಸುತ್ತು ತಿರುಗಿ ಕಳಚಿತು ಅಂತ ಎಣಿಸಿ ಹೊಸದನ್ನು ಅಷ್ಟೇ ಸುತ್ತು ಕೂರಿಸಿ. ಜಾಯಿಂಟ್‌ನ ಬೋಲ್ಟ್ ನಕಲ್‌ನಿಂದ ಬಿಡದಿದ್ದರೆ ಪುಲ್ಲರ್ (ಅದನ್ನು ಒತ್ತಿ ಬಿಡಿಸುವ ಸಾಧನ) ಹಾಕಿ. ಪುಲ್ಲರ್ ಇಲ್ಲದಿದ್ದರೆ ನಟ್ಟನ್ನು ತುದಿಯಲ್ಲಿ ಬಿಟ್ಟು, ನಕಲ್‌ನ ಕಿವಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಎರಡು ಗಟ್ಟಿ ಏಟು. ಥ್ರೆಡ್ ಮೇಲೆ ಹೊಡೆಯಬೇಡಿ.

ಹೊಸ ನಟ್ ಸರ್ವಿಸ್ ಮ್ಯಾನುಯಲ್‌ನ ಟಾರ್ಕ್‌ಗೇ (ಬಿಗಿಯ ಅಳತೆ) ಬಿಗಿಯಬೇಕು. ನಟ್ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಬರದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಹೊಸದೇ ಇರಲಿ. ನೈಲಾನ್ ಇರುವ ನಟ್ ಆದರೆ ಹಳೆಯದನ್ನು ಮತ್ತೆ ಹಾಕಬೇಡಿ. ಲಿಂಕ್ ರಾಡ್ ಬಿಚ್ಚುವಾಗ ನಟ್ ಜೊತೆ ಬೋಲ್ಟೂ ತಿರುಗುತ್ತದೆ, ಅದರ ತುದಿಗೆ ಅಲೆನ್ ಕೀ ಕೊಟ್ಟು ಹಿಡಿಯಿರಿ. ಕೆಲಸ ಮುಗಿದ ಮೇಲೆ ನಿಧಾನವಾಗಿ ಹತ್ತಿರದ ಅಲೈನ್‌ಮೆಂಟ್ ಅಂಗಡಿಗೇ ಹೋಗಿ. ಸುತ್ತು ಎಣಿಸಿದ್ದು ಅಲ್ಲಿಗೆ ತಲುಪುವುದಕ್ಕೆ ಮಾತ್ರ.

ಬುಷ್ ಮೇಲಿನ ಸಣ್ಣ ಬಿರುಕಿಗೆ ಈಗಲೇ ದುಡ್ಡು ಹಾಕಬೇಡಿ. ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಅಥವಾ ಬ್ರೇಕ್ ಹಾಕಿದಾಗ ಧಡ್ ಅಂತ ಸದ್ದು ಬಂದರೆ ಬದಲಾಯಿಸಬೇಕು. ಯಾವತ್ತಾದರೂ ಹಾಕಿಸಿದಾಗ, ಆರ್ಮ್‌ನ ಬೋಲ್ಟ್‌ಗಳನ್ನು ಗಾಡಿ ನೆಲಕ್ಕೆ ಇಳಿಸಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಬಿಗಿಯೋಕೆ ಹೇಳಿ. ಚಕ್ರ ನೇತಾಡುವಾಗಲೇ ಬಿಗಿದರೆ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ.