ಬ್ಯೂಫೋರ್ಡ್ ಡ್ಯಾಮ್ ಕೆಳಗೆ ಮಾರ್ಚ್‌ನಲ್ಲಿ ಟ್ರೌಟ್: ಫ್ಲೈ ಎಷ್ಟು ಬದಲಿಸಿದರೂ ಕಚ್ಚುತ್ತಿಲ್ಲ

ಪ್ರಶ್ನೆ (ಜಾನ್ಸ್_ಕ್ರೀಕ್_ಗಾಳ)

ಅಟ್ಲಾಂಟಾ ಕಡೆ, ಬ್ಯೂಫೋರ್ಡ್ ಡ್ಯಾಮ್ ಕೆಳಗಿನ ಚಟಹೂಚಿ ನದಿಯಲ್ಲಿ ಫ್ಲೈ (ಹುಳದಂತೆ ಕಟ್ಟಿದ ಕೃತಕ ಗಾಳ) ಎಸೆದು ಟ್ರೌಟ್ ಮೀನು ಹಿಡಿಯುವವರಲ್ಲಿ ಕೇಳುತ್ತಿದ್ದೇನೆ. ಜಾಗ ಜೋನ್ಸ್ ಬ್ರಿಡ್ಜ್ ಹತ್ತಿರದ ಬಂಡೆಸಾಲು, ಸಮಯ ಬೆಳಗ್ಗೆ 7ರಿಂದ 10. ರಾಡ್ 9 ಅಡಿ, 5 ವೇಟ್. ತೇಲುವ ಲೈನ್, ಅದರ ತುದಿಗೆ 9 ಅಡಿಯ 5ಎಕ್ಸ್ ಲೀಡರ್ (ಸಪೂರ ದಾರ; ಎಕ್ಸ್ ಸಂಖ್ಯೆ ಹೆಚ್ಚಿದಷ್ಟೂ ತೆಳು). ನೀರಿನ ಮೇಲೆ ತೇಲುವ ಗುರುತಾದ ಇಂಡಿಕೇಟರ್‌ನಿಂದ 4 ಅಡಿ ಕೆಳಗೆ 16ನೇ ನಂಬರ್ ಫೆಸೆಂಟ್ ಟೇಲ್ ಎಂಬ ಫ್ಲೈ, ಅದರ ಕೆಳಗೆ 18ರ ಝೀಬ್ರಾ ಮಿಡ್ಜ್ (ನಂಬರ್ ಹೆಚ್ಚಿದಷ್ಟೂ ಫ್ಲೈ ಚಿಕ್ಕದು). ಸ್ಪ್ಲಿಟ್ ಶಾಟ್ (ದಾರಕ್ಕೆ ಕಚ್ಚಿಸುವ ಸಣ್ಣ ಲೋಹದ ಗುಂಡು) ಹಾಕಿಲ್ಲ. ನೀರು ಸೊಂಟದ ಆಳ.

ಯಾವ ಫ್ಲೈ ಹಾಕಬೇಕು? ಡ್ಯಾಮ್‌ನವರು ನೀರು ಬಿಡುವುದನ್ನು ಹೇಗೆ ಲೆಕ್ಕ ಹಾಕುವುದು? ಮಳೆ ಬಂದ ಮರುದಿನ ಹೋಗಬಹುದಾ?

ಉತ್ತರ (ಸೆಳವು_ಮಡು)

ಫ್ಲೈ ಬದಲಿಸುವುದನ್ನು ಮೊದಲು ನಿಲ್ಲಿಸಿ. ನೀವು ಹಾಕಿರುವ ಎರಡೂ ಈ ನದಿಗೆ ಸರಿಯಾದವೇ. ಕೊರತೆ ಇರುವುದು ಅವನ್ನು ಮುಳುಗಿಸುವ ತೂಕದಲ್ಲಿ.

ಡ್ಯಾಮ್ ಹಿಂದಿನ ಲನೀರ್ ಜಲಾಶಯದ ಆಳದಿಂದ ಬರುವ ನೀರು ಈ ಕಾಲದಲ್ಲಿ ಸುಮಾರು 9–10 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟು ತಣ್ಣಗಿನ ನೀರಿನಲ್ಲಿ ಟ್ರೌಟ್ ತಳ ಬಿಟ್ಟು ಏಳುವುದು ಕಡಿಮೆ. ಬಾಯಿಯ ಮುಂದೆ ಹಾದದ್ದನ್ನು ಮಾತ್ರ ಹಿಡಿಯುತ್ತದೆ. ತೂಕವಿಲ್ಲದ ನಿಮ್ಮ ಫ್ಲೈಗಳು ಅದರ ತಲೆಯ ಮೇಲೆ ಎರಡಡಿ ಎತ್ತರದಲ್ಲಿ ಸಾಗಿ ಹೋಗುತ್ತಿವೆ.

ಮೇಲಿನ ಫ್ಲೈಗಿಂತ 15–20 ಸೆಂಟಿಮೀಟರ್ ಮೇಲೆ ಲೀಡರ್‌ನಲ್ಲಿ ಒಂದು ಗಂಟು ಹಾಕಿ, ಅದರ ಮೇಲ್ಗಡೆ 6ನೇ ನಂಬರಿನ ಒಂದು ಶಾಟ್ ಕಚ್ಚಿಸಿ. ಗಂಟಿಲ್ಲದಿದ್ದರೆ ಶಾಟ್ ಜಾರಿ ಫ್ಲೈಗೇ ಬಂದು ಕೂರುತ್ತದೆ. ಇಂಡಿಕೇಟರ್‌ನಿಂದ ಶಾಟ್‌ಗೆ ಅಂತರ ನೀರಿನ ಆಳದ ಒಂದೂವರೆ ಪಟ್ಟು. ಮೇಲಿನ ಫ್ಲೈಯ ಕೊಕ್ಕೆ ಬಾಗಿರುವ ಕಡೆ 6ಎಕ್ಸ್ ಫ್ಲೋರೋಕಾರ್ಬನ್ ಟಿಪೆಟ್ (ಕೊನೆಯ ತೆಳು ದಾರ) ಕಟ್ಟಿ, 40–45 ಸೆಂಟಿಮೀಟರ್ ಕೆಳಗೆ ಮಿಡ್ಜ್. ಅದನ್ನು 18ರಿಂದ 20 ಅಥವಾ 22ಕ್ಕೆ ಇಳಿಸಿ. ಕಪ್ಪು ದಾರ, ಬೆಳ್ಳಿ ತಂತಿ ಸಾಕು.

ತೂಕ ಸರಿಯಾಗಿದೆಯೇ ಎಂದು ನೀರೇ ಹೇಳುತ್ತದೆ. ತಳದಲ್ಲಿ ಕಲ್ಲುಗಳ ತಡೆಯಿಂದ ಸೆಳವು ನಿಧಾನ, ಮೇಲ್ಮೈಯಲ್ಲಿ ಜೋರು. ಹಾಗಾಗಿ ಇಂಡಿಕೇಟರ್ ಪಕ್ಕದಲ್ಲಿ ತೇಲುವ ನೊರೆಯನ್ನು ನೋಡಿ. ನೊರೆ ಇಂಡಿಕೇಟರನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದರೆ ಫ್ಲೈ ತಳಕ್ಕೆ ಇಳಿದಿದೆ. ಎರಡೂ ಒಟ್ಟೊಟ್ಟಿಗೆ ಹೋಗುತ್ತಿದ್ದರೆ ಇನ್ನೊಂದು ಶಾಟ್ ಸೇರಿಸಿ. ನಾಲ್ಕೈದು ಸಲ ಬಿಟ್ಟರೆ ಒಮ್ಮೆಯಾದರೂ ತಳಕ್ಕೆ ತಾಗಬೇಕು. ಪ್ರತಿ ಸಲವೂ ಸಿಕ್ಕಿಕೊಂಡರೆ ಮಾತ್ರ ಒಂದು ತೆಗೆಯಿರಿ.

ಎಸೆದ ಕೂಡಲೇ, ಇಂಡಿಕೇಟರ್ ಕದಲದಂತೆ, ಲೈನನ್ನು ಎತ್ತಿ ನೀರು ಬರುವ ದಿಕ್ಕಿಗೆ ಇಡಿ. ಲೈನ್ ಕೆಳಗಡೆಗೆ ಬಿಲ್ಲಿನ ಹಾಗೆ ಬಾಗಿದರೆ ಇಂಡಿಕೇಟರ್ ಹಿಂದೆ ಬಾಣದ ತುದಿಯಂಥ ಸಣ್ಣ ಗೀರು ಏಳುತ್ತದೆ. ಆ ಗೀರು ಕಂಡರೆ ಆ ಸಲದ್ದು ವ್ಯರ್ಥ, ಮತ್ತೆ ಎಸೆಯಿರಿ. ಇಂಡಿಕೇಟರ್ ಮುಳುಗುವವರೆಗೆ ಕಾಯಬೇಡಿ. ಒಂದು ಕ್ಷಣ ತಡೆದು ನಿಂತಂತೆ ಕಂಡರೂ ರಾಡ್ ಎತ್ತಿ.

ಉತ್ತರ (ಕ್ಯೂಸೆಕ್_ಲೆಕ್ಕ)

ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ನೀರಿನ ಲೆಕ್ಕ ತಪ್ಪಿದರೆ ಅದ್ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಅಮೆರಿಕದ ಮಾಪನ ಕೇಂದ್ರಗಳಲ್ಲಿ ಕಾಣುವ ಸಿಎಫ್‌ಎಸ್ ಅಂದರೆ ನಮ್ಮ ಪೇಪರಿನ ಕನ್ನಂಬಾಡಿ ಸುದ್ದಿಯಲ್ಲಿ ಬರುವ ಕ್ಯೂಸೆಕ್ಕೇ. ಬ್ಯೂಫೋರ್ಡ್‌ನಲ್ಲಿ ಮೂರು ಟರ್ಬೈನ್. ಚಿಕ್ಕದೊಂದೇ ಓಡುವಾಗ ಹೊರಹರಿವು ಸುಮಾರು 600 ಕ್ಯೂಸೆಕ್. ವಿದ್ಯುತ್ತಿಗೆ ಬೇಡಿಕೆ ಬಂದು ದೊಡ್ಡವು ಶುರುವಾದರೆ ಸಾವಿರಾರು ಕ್ಯೂಸೆಕ್. ಡ್ಯಾಮ್ ಸಮೀಪ ಕೆಲವೇ ನಿಮಿಷಗಳಲ್ಲಿ ನೀರು ಆಳುದ್ದ ಏರಿಬಿಡುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿ: ಜೋನ್ಸ್ ಬ್ರಿಡ್ಜ್ ಡ್ಯಾಮ್‌ನಿಂದ ನದಿಗುಂಟ ಸುಮಾರು 20 ಮೈಲಿ. ಬಿಟ್ಟ ನೀರು ಅಲ್ಲಿಗೆ ಮುಟ್ಟಲು ಹಲವು ಗಂಟೆ ಬೇಕು. ಬೆಳಗ್ಗೆ ಡ್ಯಾಮ್‌ನಲ್ಲಿ ಹರಿವು ಇಳಿದಿದೆ ಎಂದು ನೋಡಿಕೊಂಡು ನೀವು ಹೊರಟರೂ, ನಿಂತಿರುವುದು ಹಿಂದಿನ ಸಂಜೆ ಬಿಟ್ಟ ನೀರಿನಲ್ಲಿ ಇರಬಹುದು. ಅದಕ್ಕೆ ಡ್ಯಾಮ್ ನಡೆಸುವ ಆರ್ಮಿ ಕೋರ್‌ನ (ಸೇನೆಯ ಎಂಜಿನಿಯರ್ ದಳ) ಗಂಟೆವಾರು ವೇಳಾಪಟ್ಟಿಯ ಜೊತೆಗೆ ಯುಎಸ್‌ಜಿಎಸ್‌ನ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ನಾರ್‌ಕ್ರಾಸ್ ಮಾಪನ ಕೇಂದ್ರದ ಹರಿವಿನ ಗ್ರಾಫನ್ನೂ ನೋಡಿ. ಅದು ಜೋನ್ಸ್ ಬ್ರಿಡ್ಜ್‌ಗಿಂತ ಸ್ವಲ್ಪ ಮೇಲಿದೆ. ಸಾವಿರ ಕ್ಯೂಸೆಕ್ ಆಸುಪಾಸಿನಲ್ಲಿ ಸಮನಾಗಿದ್ದರೆ ಇಳಿಯಬಹುದು. ಗೆರೆ ಮೇಲಕ್ಕೆ ತಿರುಗಿದ್ದರೆ ಆ ದಿನ ದಡದಲ್ಲೇ ಇರಿ.

ವಸಂತದ ಆರಂಭಕ್ಕೆ ಇನ್ನೊಂದು ಸೂಚನೆ ಜಲಾಶಯದ ಮಟ್ಟ. ಚಳಿಗಾಲದ ಪೂರ್ಣ ಮಟ್ಟ 1,070 ಅಡಿ, ಬೇಸಿಗೆಯದು 1,071. ಮಳೆಗೆ ಅದನ್ನು ಮೀರಿದ್ದರೆ ಶನಿವಾರ ಭಾನುವಾರವೂ ದೀರ್ಘ ಹೊತ್ತು ನೀರು ಬಿಡುವ ಸಂಭವ ಹೆಚ್ಚು. ವೇಳಾಪಟ್ಟಿ ಯಾವಾಗ ಬೇಕಾದರೂ ಬದಲಾಗಬಹುದು, ಅದೊಂದನ್ನೇ ನಂಬಬೇಡಿ.

ನೀರಿಗೆ ಇಳಿಯುವಾಗ ಅಂಚಿನಲ್ಲಿರುವ ಒಂದು ಕಲ್ಲಿನ ಒದ್ದೆ ಗೆರೆ ಗುರುತಿಟ್ಟುಕೊಳ್ಳಿ. ಗೆರೆ ಮುಳುಗಿತು, ಕಡ್ಡಿ ಎಲೆಗಳು ಗುಂಪಾಗಿ ತೇಲಿ ಬಂದವು, ಬಂಡೆಗಳ ಮೇಲಿನ ಮೊರೆತ ತಗ್ಗಿತು ಎಂದರೆ ಮೀನು ಕಚ್ಚಿದ್ದರೂ ಬಿಟ್ಟು ಕಾರು ಇರುವ ದಡಕ್ಕೆ ಬನ್ನಿ. ಡ್ಯಾಮ್‌ನಿಂದ ಹೈವೇ 20 ಸೇತುವೆವರೆಗೆ ಲೈಫ್ ಜಾಕೆಟ್ ಧರಿಸುವುದು ಕಡ್ಡಾಯ. ಉಳಿದ ಕಡೆಯೂ ಹಾಕಿಕೊಳ್ಳಿ. ವೇಡರ್ಸ್ (ನೀರಿಗಿಳಿಯುವ ಜಲನಿರೋಧಕ ಪ್ಯಾಂಟ್) ಮೇಲೆ ಬೆಲ್ಟ್ ಬಿಗಿಯಾಗಿರಲಿ, ಬಿದ್ದರೆ ಒಳಗೆ ನೀರು ತುಂಬುವುದನ್ನು ತಡೆಯುವುದು ಅದೇ.

ಉತ್ತರ (ಕಪ್ಪು_ಕ್ಯಾಡಿಸ್)

ಸಮಯದ ಬಗ್ಗೆ ಯಾರೂ ಹೇಳಲಿಲ್ಲ. ಮಾರ್ಚ್‌ನಲ್ಲಿ ಬೆಳಗಿನ 7 ಗಂಟೆ ತೀರಾ ಬೇಗ. ಡ್ಯಾಮ್ ಬುಡದಲ್ಲಿ ನೀರಿನ ಬಿಸುಪು ದಿನವಿಡೀ ಹೆಚ್ಚುಕಡಿಮೆ ಒಂದೇ, ಆದರೆ 20 ಮೈಲಿ ಕೆಳಗೆ ಬಿಸಿಲು ಕೆಲಸ ಮಾಡುತ್ತದೆ. ಜೋನ್ಸ್ ಬ್ರಿಡ್ಜ್‌ಗೆ 11ರಿಂದ 4 ಒಳ್ಳೆಯ ಹೊತ್ತು. ಮಧ್ಯಾಹ್ನ ಸಣ್ಣ ಕಪ್ಪು ಕ್ಯಾಡಿಸ್ ಹುಳ ಎದ್ದರೆ 16–18ರ ಕಪ್ಪು ಎಲ್ಕ್ ಹೇರ್ ಕ್ಯಾಡಿಸ್ ತೇಲಿಸಿ, ಅದರ ಕೆಳಗೆ ಎರಡಡಿಗೆ ಒಂದು ಪ್ಯೂಪಾ (ಕೋಶಾವಸ್ಥೆಯ ಹುಳದಂಥ ಫ್ಲೈ). ಮೋಡ ಕವಿದು ತುಂತುರು ಇದ್ದರೆ ಬ್ಲೂ ವಿಂಗ್ಡ್ ಆಲಿವ್ ಎಂಬ ಫ್ಲೈ, 18ರಿಂದ 22.

ಮಳೆಯ ವಿಷಯ: ಡ್ಯಾಮ್‌ನಿಂದ ಬರುವ ನೀರು ತಿಳಿಯಾಗಿದ್ದರೂ ಸುವಾನಿ ಕ್ರೀಕ್, ಜಾನ್ಸ್ ಕ್ರೀಕ್ ಥರದ ಹಳ್ಳಗಳು ಕೆಮ್ಮಣ್ಣು ತಂದು ಕೆಳಭಾಗವನ್ನು ಕದಡುತ್ತವೆ. ಮರುದಿನ ಹೋಗಲೇಬೇಕಿದ್ದರೆ ಈ ಹಳ್ಳಗಳು ಸೇರುವುದಕ್ಕೂ ಮೇಲಿರುವ ಸೆಟಲ್ಸ್ ಬ್ರಿಡ್ಜ್‌ಗೆ ಹೋಗಿ. ಅಲ್ಲಿ ನೀರು ಬೇಗ ಏರುತ್ತದೆ, ವೇಳಾಪಟ್ಟಿ ನೋಡದೆ ಕಾಲಿಡಬೇಡಿ. ಹೈವೇ 20ರಿಂದ ಮೆಡ್‌ಲಾಕ್ ಬ್ರಿಡ್ಜ್‌ವರೆಗೆ ಕೃತಕ ಬೇಟ್ ಮಾತ್ರ, ಎರೆಹುಳ ನಡೆಯುವುದಿಲ್ಲ. ಜಾರ್ಜಿಯಾದಲ್ಲಿ ಮೀನಿನ ಲೈಸೆನ್ಸ್ ಜೊತೆ ಟ್ರೌಟ್ ಲೈಸೆನ್ಸ್ ಕೂಡ ಬೇಕು.

ಜಾನ್ಸ್_ಕ್ರೀಕ್_ಗಾಳ

ಎಲ್ಲರಿಗೂ ಧನ್ಯವಾದ. ಒಂದು ಉಳಿಯಿತು: 6ಎಕ್ಸ್ ಟಿಪೆಟ್ ಕಚ್ಚಿದ ಕೂಡಲೇ ತುಂಡಾಗುತ್ತದೆ. 5ಎಕ್ಸ್‌ಗೇ ಹೋಗಲಾ?

ಉತ್ತರ (ಸೆಳವು_ಮಡು)

ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಂದಿಬಾಲದ ಹಾಗೆ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ, 6ಎಕ್ಸ್‌ಗೆ ಐದು ಸುತ್ತು. ಒಣಗಿದಂತೆಯೇ ಎಳೆದರೆ ಉಜ್ಜಿದ ಬಿಸಿಗೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ತುದಿ ಬಿಳಿಚಿಕೊಂಡು ಒರಟಾಗಿದ್ದರೆ ಕಲ್ಲಿಗೆ ಉಜ್ಜಿದೆ, ಕೊನೆಯ ಒಂದು ಗೇಣು ಕತ್ತರಿಸಿ ಮತ್ತೆ ಕಟ್ಟಿ. ಎರಡೂ ಅಲ್ಲದೆ ನೀಟಾಗಿ ಕತ್ತರಿಸಿದಂತಿದ್ದರೆ ನೀವು ರಾಡನ್ನು ಜೋರಾಗಿ ಜಗ್ಗುತ್ತಿದ್ದೀರಿ. ಮಣಿಕಟ್ಟನ್ನು ಒಂದು ಅಡಿ ಎತ್ತಿದರೆ 20ರ ಕೊಕ್ಕೆ ತಾನಾಗೇ ನಾಟುತ್ತದೆ. ರೀಲ್ ಡ್ರ್ಯಾಗ್ ಸಡಿಲ ಇಟ್ಟು, ಮೀನು ಓಡಿದರೆ ಓಡಲು ಬಿಡಿ.