ಸೆಕೆಂಡ್ ಹ್ಯಾಂಡ್ ಸಣ್ಣ ಕ್ರೂಸರ್ ತಗೊಳ್ಳಬಹುದಾ? ಓಡಿಸಿದವರು ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ 5 ಅಡಿ 2 ಇಂಚು. ಇಷ್ಟು ವರ್ಷ ಸ್ಕೂಟರ್ ಓಡಿಸಿದ್ದೇನೆ, ಗೇರ್ ಬೈಕ್ ಕಲಿತು ಆರು ತಿಂಗಳಾಯಿತು ಅಷ್ಟೆ. ಈಗ 250 ಸಿಸಿಯ ಒಂದು ಕ್ರೂಸರ್ (ಸೀಟು ತಗ್ಗಾಗಿದ್ದು ಕಾಲು ಮುಂದಕ್ಕೆ ಚಾಚಿ ಕೂರುವ ಬೈಕ್) ಮಾರಾಟಕ್ಕಿದೆ. ಒಂಬತ್ತು ವರ್ಷ ಹಳೆಯದು, ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ ಇಂಜಿನ್, ಮೀಟರ್‌ನಲ್ಲಿ ಬರೀ 14,000 ಕಿ.ಮೀ. ತೋರಿಸುತ್ತಿದೆ. ಫೋಟೋದಲ್ಲಿ ಹೊಸ ಗಾಡಿ ಹಾಗೇ ಫಳಫಳ ಅಂತಿದೆ. ದಿನಾ ಕೆಲಸಕ್ಕೆ ಹೋಗಿಬರಲು 24 ಕಿ.ಮೀ., ತಿಂಗಳಿಗೊಮ್ಮೆ 150-200 ಕಿ.ಮೀ. ದೂರ ಹೋಗಬೇಕೆಂಬ ಆಸೆ. ಅಣ್ಣ ಕಣ್ಣು ಮುಚ್ಚಿ ತಗೋ ಅನ್ನುತ್ತಾನೆ, ಅಮ್ಮ ಹಳೇ ಗಾಡಿ ಸಹವಾಸ ಬೇಡ ಅನ್ನುತ್ತಾಳೆ. ಬೆನ್ನು ನೋಯುತ್ತಾ? ಹೆದ್ದಾರಿಗೆ ಸಾಕಾಗುತ್ತಾ? ನೋಡಲು ಹೋದಾಗ ಏನೇನು ನೋಡಬೇಕು? ದಯವಿಟ್ಟು ಹೇಳಿ.

———

ನನ್ನ ಎತ್ತರವೂ ಹೆಚ್ಚುಕಮ್ಮಿ ನಿಮ್ಮಷ್ಟೇ, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಮ್ಮಂಥವರಿಗೆ ಕ್ರೂಸರ್ ನಿಜಕ್ಕೂ ವರ. ಹೋಂಡಾ ರೆಬೆಲ್ 300ರ ಸೀಟಿನ ಎತ್ತರ 690 ಮಿ.ಮೀ. ಅಷ್ಟೆ. ಸಿಗ್ನಲ್‌ನಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ ಕೂತಾಗ ಬರುವ ಧೈರ್ಯ ಇದೆಯಲ್ಲ, ಅದು ತುದಿಗಾಲಲ್ಲಿ ನಿಂತು ಬೈಕ್ ಹಿಡಿದವರಿಗೇ ಗೊತ್ತು.

ಆದರೆ ಸೀಟು ಕೆಳಗಿದೆ ಅಂದ ಮಾತ್ರಕ್ಕೆ ಗಾಡಿ ಹಗುರ ಅಂತಲ್ಲ. ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ತೂಕ 191 ಕೆ.ಜಿ. ಇಂಥ ಗಾಡಿ ಓಡುವಾಗ ಭಾರ ಅನ್ನಿಸಲ್ಲ, ಇಂಜಿನ್ ಆಫ್ ಮಾಡಿ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ನೀವು ನೋಡಲು ಹೋದಾಗ ಓಡಿಸುವ ಮೊದಲು ಒಂದು ಕೆಲಸ ಮಾಡಿ. ಗಾಡಿ ನ್ಯೂಟ್ರಲ್‌ಗೆ ಹಾಕಿ, ಸ್ವಲ್ಪ ಇಳಿಜಾರು ಇರುವ ಕಡೆ ಹಿಮ್ಮುಖವಾಗಿ ಮೇಲಕ್ಕೆ ತಳ್ಳಿ ನೋಡಿ. ಯಾರ ಸಹಾಯನೂ ಇಲ್ಲದೆ ನಿಮ್ಮಿಂದ ಆಗಬೇಕು. ಆಗದಿದ್ದರೆ ದಿನಾ ಪಾರ್ಕಿಂಗ್‌ನಲ್ಲಿ ಯಾರಾದರೂ ಬರ್ತಾರಾ ಅಂತ ಕಾಯಬೇಕಾಗುತ್ತದೆ.

———

ನಾನು ಇದೇ ಲೆಕ್ಕಾಚಾರದಲ್ಲಿ ಒಮ್ಮೆ ಮೋಸ ಹೋದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಒಂಬತ್ತು ವರ್ಷಕ್ಕೆ 14,000 ಅಂದರೆ ವರ್ಷಕ್ಕೆ ಸುಮಾರು 1,500 ಕಿ.ಮೀ. ಮೀಟರ್ ತಿರುಚಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅದರ ಅರ್ಥ ಗಾಡಿ ಹೆಚ್ಚಿನ ಕಾಲ ನಿಂತೇ ಇತ್ತು ಅಂತ. ದಿನಾ ಓಡುವ ಗಾಡಿಯಲ್ಲಿ ಏನು ಸವೆದಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ನಿಂತ ಗಾಡಿಯಲ್ಲಿ ಹಾಳಾಗುವುದೆಲ್ಲ ಒಳಗಡೆ. ನಾನು ತಗೊಂಡ ಗಾಡಿಯೂ ಹೀಗೇ ಹೊಳೆಯುತ್ತಿತ್ತು. ಮೊದಲ ವಾರ ಚೆನ್ನಾಗೇ ಓಡಿತು. ಆಮೇಲೆ ಬೆಳಗ್ಗೆ ಚೋಕ್ (ತಣ್ಣಗಿರುವ ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಸಿಗುವಂತೆ ಮಾಡುವುದು) ಎಳೆಯದೆ ಇಂಜಿನ್ ಓಡುತ್ತಲೇ ಇರಲಿಲ್ಲ, ಸಿಗ್ನಲ್‌ನಲ್ಲಿ ರೇಸ್ ಬಿಟ್ಟರೆ ಆಫ್. ಕಾರ್ಬುರೇಟರ್ ಬಿಚ್ಚಿಸಿದೆ. ಹಳೇ ಪೆಟ್ರೋಲ್ ಒಣಗಿ ಅಂಟಾಗಿ ಪೈಲಟ್ ಜೆಟ್‌ನ (ರೇಸ್ ಕೊಡದಿದ್ದಾಗ ಪೆಟ್ರೋಲ್ ಬಿಡುವ ಭಾಗ) ಸೂಜಿಮೊನೆಯಂಥ ತೂತು ಕಟ್ಟಿಕೊಂಡಿತ್ತು. ಕ್ಲೀನ್ ಮಾಡಿಸಿದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಯಾಕೆಂದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿತ್ತು, ಅದರ ಪುಡಿ ಪೆಟ್ರೋಲ್ ಜೊತೆ ಕೆಳಗಿಳಿದು ಬರುತ್ತಿತ್ತು. ಕೊನೆಗೆ ಟ್ಯಾಂಕ್, ಕಾರ್ಬುರೇಟರ್, ಬ್ಯಾಟರಿ, ಎರಡು ಟೈರು ಎಲ್ಲ ಸೇರಿ ನಾನು ಉಳಿಸಿದೆ ಅಂದುಕೊಂಡಿದ್ದ ದುಡ್ಡೆಲ್ಲ ಹೋಯಿತು.

ಹಾಗಾಗಿ ಮಾರುವವರಿಗೆ ಫೋನ್ ಮಾಡಿದಾಗಲೇ ಹೇಳಿಬಿಡಿ: ನಾನು ಬರುವವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಸೈಲೆನ್ಸರ್ ಪೈಪು ಇಂಜಿನ್‌ಗೆ ಸೇರುವ ಜಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಬಿಸಿ ತಾಗಿದರೆ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ಬಿಸಿಯಾದ ಇಂಜಿನ್ ಎಂಥದ್ದಾದರೂ ಸಲೀಸಾಗಿ ಸ್ಟಾರ್ಟ್ ಆಗಿಬಿಡುತ್ತದೆ. ಕಾಯಿಲೆ ಗೊತ್ತಾಗೋದು ತಣ್ಣಗಿದ್ದಾಗಲೇ. ಚೋಕ್ ಹಾಕಿ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಚೋಕ್ ತೆಗೆದ ಮೇಲೂ ಇಂಜಿನ್ ಸಮನಾಗಿ ಓಡಬೇಕು. ಮೊದಲಿಗೆ ಬರುವ ತೆಳ್ಳನೆ ಬಿಳಿ ಹಬೆಗೆ ಹೆದರಬೇಡಿ, ಅದು ಬರೀ ನೀರಿನ ಆವಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ, ಬಿಟ್ಟುಬಿಡಿ.

ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಬೆಂಕಿಕಡ್ಡಿ, ಲೈಟರ್ ಹತ್ತಿರಕ್ಕೂ ತರಬೇಡಿ. ಒಳಗೆ ಕಂದು ಪದರ ಕಂಡರೆ, ಅಥವಾ ಪೆಟ್ರೋಲ್‌ನಿಂದ ಹುಳಿ ಹುಳಿ ವಾರ್ನಿಷ್ ವಾಸನೆ ಬಂದರೆ, ನನ್ನ ಕಥೆ ನೆನಪಿಸಿಕೊಳ್ಳಿ.

ಟೈರಿನ ಬಟನ್ (ನೆಲಕ್ಕೆ ತಾಗುವ ಅಚ್ಚು) ಚೆನ್ನಾಗಿದ್ದರೆ ಸಾಲದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರ ತಯಾರಾಗಿದ್ದು. ರಬ್ಬರ್ ವಯಸ್ಸಾದ ಹಾಗೆ ಗಟ್ಟಿಯಾಗಿ, ಮಳೆಯಲ್ಲಿ ಹಿಡಿತ ಬಿಡುತ್ತದೆ. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಎರಡೂ ಟೈರಿನ ದುಡ್ಡು ಕಳೆದು ಬೆಲೆ ಮಾತಾಡಿ.

ಉಳಿದದ್ದು ಚಿಕ್ಕದಾಗಿ. ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ನಾಲ್ಕೈದು ಸಲ ಒತ್ತಿ, ಕೊಳವೆಯ ಮೇಲೆ ಎಣ್ಣೆ ಉಂಗುರ ಮೂಡಿದರೆ ಆಯಿಲ್ ಸೀಲ್ ಹೋಗಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಬದಿಯಿಂದ ಹೊರಕ್ಕೆ ಎಳೆಯಿರಿ, ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಸವೆದಿದೆ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ಮಧ್ಯದಲ್ಲಿ ಹಳ್ಳಕ್ಕೆ ಬಿದ್ದ ಹಾಗೆ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಿಸಬೇಕು. ಕಡ್ಡಿ ಚಕ್ರ ಇದ್ದರೆ ಬೀಗದ ಕೈಯಿಂದ ಒಂದೊಂದೇ ಕಡ್ಡಿಗೆ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟಪ್ ಅನ್ನುತ್ತದೆ. ಎರಡೇ ನಿಮಿಷದ ಕೆಲಸ, ಯಾರೂ ಮಾಡಲ್ಲ.

———

ಮೇಲಿನವರು ಇಂಜಿನ್ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಬೆನ್ನಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದೇ ಕಾರಣಕ್ಕೆ ನಾನು ಕ್ರೂಸರ್ ಮಾರಿದ್ದು.

ಮಾಮೂಲಿ ಬೈಕಿನಲ್ಲಿ ಕಾಲು ನಮ್ಮ ಕೆಳಗಿರುತ್ತದೆ. ಹಂಪ್ ಅಥವಾ ಗುಂಡಿ ಬಂದರೆ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದರೆ ಆಯಿತು. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತೇವೆ, ಏಳೋಕೆ ಆಗಲ್ಲ. ಮೈ ಭಾರವೆಲ್ಲ ಬೆನ್ನುಮೂಳೆಯ ತುದಿ ಮೇಲೆ. ಹಿಂದಿನ ಶಾಕ್ಸ್ ಕೂಡ ಹೆಚ್ಚು ಕುಗ್ಗಲ್ಲ. ಹಾಗಾಗಿ ಗುಂಡಿಯ ಏಟು ಸೀದಾ ಸೊಂಟಕ್ಕೆ. ಹತ್ತು ನಿಮಿಷದ ಟೆಸ್ಟ್ ರೈಡ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ! ಅಷ್ಟು ಹೊತ್ತು ಸೋಫಾ ಮೇಲೆ ಕೂತ ಹಾಗೆ ಹಾಯಾಗಿರುತ್ತದೆ. ನನಗೆ ನೋವು ಶುರುವಾಗುತ್ತಿದ್ದದ್ದು ಸರಿಯಾಗಿ ಒಂದೂಕಾಲು ಗಂಟೆಗೆ. ಸೀಟಿಗೆ ಬೇರೆ ಸ್ಪಂಜ್ ಹಾಕಿಸಿದೆ, ಹ್ಯಾಂಡಲ್ ಸ್ವಲ್ಪ ಹಿಂದಕ್ಕೆ ತಿರುಗಿಸಿದೆ, ಕೊಂಚ ವಾಸಿ ಆಯಿತು. ನನ್ನ ಹಳೇ ಡಿಸ್ಕ್ ನೋವು ಮಾತ್ರ ಒಪ್ಪಲಿಲ್ಲ.

ನಿಮ್ಮ 24 ಕಿ.ಮೀ.ಗೆ ಏನೂ ತೊಂದರೆ ಇಲ್ಲ. ದೂರದ ದಿನ ಗಂಟೆಗೊಮ್ಮೆ ಇಳಿದು ಐದು ನಿಮಿಷ ಓಡಾಡಿ. ಈಗಾಗಲೇ ಸೊಂಟ ನೋವು ಇದ್ದರೆ, ಸ್ನೇಹಿತರದ್ದೋ ಬಾಡಿಗೆದೋ ಒಂದು ಕ್ರೂಸರ್ ಹಿಡಿದು ಎರಡು ಗಂಟೆ ಸತತವಾಗಿ ಓಡಿಸಿ. ಅದಾದ ಮೇಲೆ ಮಾರುವವರಿಗೆ ಫೋನ್ ಮಾಡಿ.

———

ಹೆದ್ದಾರಿ ಪ್ರಶ್ನೆಗೆ ಉತ್ತರ. ನಾನು ಆರು ವರ್ಷದಿಂದ 220 ಸಿಸಿ ಕ್ರೂಸರ್ ಓಡಿಸುತ್ತಿದ್ದೇನೆ. 80ರಲ್ಲಿ ಹಾಯಾಗಿ ಇಡೀ ದಿನ ಹೋಗುತ್ತದೆ. 90ರ ಮೇಲೆ ಹ್ಯಾಂಡಲ್ ಜುಮ್ ಅನ್ನುತ್ತದೆ, ಎದೆಗೆ ಗಾಳಿ ಬಡಿಯುತ್ತದೆ. ನಾವು ನೆಟ್ಟಗೆ ಕೂತಿರುತ್ತೇವಲ್ಲ, ಗಾಳಿ ತಡೆಯುವುದು ನಮ್ಮ ಮೈಯೇ. ಓವರ್‌ಟೇಕ್ ಮಾಡುವಾಗ ಮುಂದೆ ಎಷ್ಟು ಜಾಗ ಇದೆ ಅಂತ ಮೊದಲೇ ನೋಡಿ ಗೇರ್ ಇಳಿಸಿ ಹೊರಡಬೇಕು. ಹಿಂದೆ ಒಬ್ಬರು ಕೂತಿದ್ದರೆ, ಏರು ಇದ್ದರೆ, ಇನ್ನೂ ಜಾಸ್ತಿ ಜಾಗ ಬೇಕು. ನಿಮ್ಮ ದಾರಿಯಲ್ಲಿ ಎಲ್ಲರೂ 110ರಲ್ಲಿ ಹೋಗುತ್ತಿದ್ದರೆ 250 ಸಿಸಿ ನಿಮಗೆ ಸುಸ್ತು ಮಾಡುತ್ತದೆ. ಹಳ್ಳಿ ದಾರಿ ಹಿಡಿದು ನೋಡಿಕೊಂಡು ಹೋಗುವವರಾದರೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ.

ಇನ್ನೊಂದು ವಿಷಯ. ಸ್ಕೂಟರ್‌ನಿಂದ ಬಂದವರು ಮೊದಲ ವಾರ ಯು-ಟರ್ನ್‌ನಲ್ಲಿ ಹುಷಾರಾಗಿರಿ. ಕ್ರೂಸರ್ ಉದ್ದ ಜಾಸ್ತಿ, ಮುಂದಿನ ಫೋರ್ಕ್ ಓರೆಯಾಗಿರುತ್ತದೆ. ನಿಧಾನದಲ್ಲಿ ತಿರುಗಿಸಿದರೆ ಹ್ಯಾಂಡಲ್ ತಾನಾಗೇ ಒಳಕ್ಕೆ ವಾಲುತ್ತದೆ. ಅಲ್ಲಿ ಗಾಬರಿಯಾಗಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನೆಲಕ್ಕೇ. ಖಾಲಿ ಮೈದಾನದಲ್ಲಿ ಅರ್ಧ ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟು ಅಭ್ಯಾಸ ಮಾಡಿ.

———

ಉದ್ದದ ಉತ್ತರ ಬರೆದವರ ಅನುಭವ ನಿಜ, ಆದರೆ ಹಳೇ ಗಾಡಿ ಅಂತ ಪೂರ್ತಿ ಹೆದರಿಬಿಡಬೇಡಿ. ಸಣ್ಣ ಕ್ರೂಸರ್‌ಗಳ ಇಂಜಿನ್ ಬಹಳ ಸರಳ. ಹೋಂಡಾ ರೆಬೆಲ್ 250 ಮೊದಲು ಬಂದಿದ್ದು 1985ರಲ್ಲಿ. 234 ಸಿಸಿ, ಎರಡು ಸಿಲಿಂಡರ್, ಗಾಳಿಯಿಂದಲೇ ತಣ್ಣಗಾಗುವ ಇಂಜಿನ್. ಯಮಹಾ ವಿರಾಗೋ 250 ಕೂಡ ಗಾಳಿಯಿಂದ ತಣ್ಣಗಾಗುವ ವಿ-ಟ್ವಿನ್ (V ಆಕಾರದಲ್ಲಿ ಎರಡು ಸಿಲಿಂಡರ್). ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ, ನೀರಿನ ಪಂಪ್ ಇಲ್ಲ. ನಿಂತಿದ್ದ ಇಂಥ ಗಾಡಿ ಸರಿಮಾಡೋಕೆ ಆಗುತ್ತದೆ, ಎಷ್ಟು ಖರ್ಚು ಅಂತ ಮೊದಲೇ ಗೊತ್ತಿದ್ದು ಬೆಲೆಯಲ್ಲಿ ಕಳೆದುಕೊಂಡರೆ ಸಾಕು. ನಾನು ಹೆದರೋದು ಬಿದ್ದ ಗಾಡಿಗೆ. ಹ್ಯಾಂಡಲ್ ತುದಿ, ಫುಟ್‌ರೆಸ್ಟ್, ಕ್ಲಚ್ ಲಿವರ್ ತುದಿ, ಮೂರೂ ಒಂದೇ ಪಕ್ಕದಲ್ಲಿ ಉಜ್ಜಿದ್ದರೆ ಬಿದ್ದಿದೆ. ಮೆಲ್ಲಗೆ ಓಡಿಸುತ್ತಾ ನೋಡಿ, ನೇರ ಹೋಗುವಾಗ ಹ್ಯಾಂಡಲ್ ಒಂದು ಕಡೆಗೆ ತಿರುಗಿದ್ದರೆ ಫೋರ್ಕೋ ಫ್ರೇಮೋ ಬಾಗಿದೆ. ಅಂಥದ್ದು ಸುಮ್ನೆ ಕೊಟ್ಟರೂ ಬೇಡ.

ದಾಖಲೆ ಮರೆಯಬೇಡಿ. ಫ್ರೇಮ್ ಮೇಲಿನ ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಕಾಗದದ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ನಂಬರ್ ಸುತ್ತ ಲೋಹ ಉಜ್ಜಿದ ಗುರುತಿದ್ದರೆ ಅಲ್ಲಿಂದ ಹೊರಟುಬಿಡಿ. ಸಾಲ ಬಾಕಿ ಇದ್ದರೆ ತೀರಿದ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಆ ಮಾಡೆಲ್ ಈಗಲೂ ತಯಾರಾಗುತ್ತಿದೆಯಾ, ಬಿಡಿಭಾಗ ಸಿಗುತ್ತಾ ಅಂತಲೂ ಕೇಳಿ. ಒಂದು ಕ್ಲಚ್ ಕೇಬಲ್‌ಗೆ ಮೂರು ವಾರ ಕಾದವರು ನಮ್ಮಲ್ಲಿದ್ದಾರೆ.

———

ಕೇಳಿದ್ದು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಹೋಗಿ ನೋಡಿ ಬಂದೆ.

ಮೊದಲ ಸಲ ಅಂಗೈ ಹಿಡಿದ ತಕ್ಷಣ ಬಿಸಿ ತಾಗಿತು. ಒಳಗಿಂದ ಹೊರಗೆ ತರಲು ಸ್ಟಾರ್ಟ್ ಮಾಡಿದೆ ಅಂದರು. ನಾನು ಜಗಳ ಆಡಲಿಲ್ಲ, ನಾಳೆ ಬೆಳಗ್ಗೆ ಬರುತ್ತೇನೆ, ಹಾಗೇ ಬಿಟ್ಟಿರಿ ಅಂದೆ. ಅವತ್ತು ತಳ್ಳಿ ನೋಡಿದ್ದು ಮಾತ್ರ. ಇಳಿಜಾರಿನಲ್ಲಿ ಏದುಸಿರು ಬಂತು, ಆದರೆ ನನ್ನಿಂದ ಆಯಿತು.

ಮರುದಿನ ತಣ್ಣಗಿತ್ತು. ಚೋಕ್ ಹಾಕಿದಾಗ ಸ್ಟಾರ್ಟ್ ಆಯಿತು, ತೆಗೆದ ತಕ್ಷಣ ಎರಡು ಸಲ ಆಫ್ ಆಯಿತು, ಮೂರನೇ ಸಲ ಆಫ್ ಆಗದೆ ಓಡಿತು. ಹೊಗೆ ಇಲ್ಲ. ಟ್ಯಾಂಕ್ ಒಳಗೆ ತಳ ಹೊಳೆಯುತ್ತಿತ್ತು, ಅಂಚಿನಲ್ಲಿ ಮಾತ್ರ ತೆಳ್ಳಗೆ ಕಂದು ಗೆರೆ. ಟೈರು ಗಾಡಿ ಹುಟ್ಟಿದ ವರ್ಷದ್ದೇ! ಬಟನ್ ನೋಡಿದರೆ ಹೊಸದು ಅನ್ನಬೇಕು, ಪಕ್ಕದಲ್ಲಿ ಬಿರುಕು. ಕಡ್ಡಿಗಳಿಗೆ ಬೀಗದ ಕೈಯಿಂದ ತಟ್ಟುತ್ತಾ ಹೋದಾಗ ಹಿಂದಿನ ಚಕ್ರದಲ್ಲಿ ಎರಡು ಟಪ್ ಅಂದವು. ಮಾರುವವರೇ ಪಕ್ಕ ಬಂದು ಕೂತು ತಾವೂ ತಟ್ಟಿ ಕೇಳಿದರು. ಅಲ್ಲಿಂದ ಮಾತುಕತೆ ಸಲೀಸಾಯಿತು. ಟೈರು, ಬ್ಯಾಟರಿ, ಕಾರ್ಬುರೇಟರ್ ಕೆಲಸದ ಖರ್ಚು ಬೆಲೆಯಲ್ಲಿ ಕಳೆದರು. ನಂಬರ್ ಎರಡೂ ತಾಳೆಯಾದವು, ಸಾಲ ಇಲ್ಲ.

ಎರಡು ಗಂಟೆ ಓಡಿಸುವುದು ಇನ್ನೂ ಬಾಕಿ. ಭಾನುವಾರ ಅಣ್ಣನ ಸ್ನೇಹಿತನ ಕ್ರೂಸರ್ ಸಿಗುತ್ತದೆ, ಬೆನ್ನು ಒಪ್ಪಿದರೆ ಸೋಮವಾರ ದುಡ್ಡು ಕೊಡುತ್ತೇನೆ. ಅಮ್ಮ ಹಿಂದೆ ಕೂತು ಬರುತ್ತೇನೆ ಅಂದಿದ್ದಾಳೆ. ಹಿಂದಿನ ಸೀಟು ನೋಡಿದರೆ ಬಹಳ ಚಿಕ್ಕದು, ಒರಗೋಕೆ ಏನೂ ಇಲ್ಲ. ಹಿಂದೆ ಬ್ಯಾಕ್‌ರೆಸ್ಟ್ ಹಾಕಿಸಿದವರು ಯಾರಾದರೂ ಇದ್ದರೆ, ದೂರ ಹೋದಾಗ ಕೂತವರಿಗೆ ನಿಜವಾಗಲೂ ಆರಾಮ ಆಯಿತಾ ಅಂತ ಹೇಳಿ.