ಮನೆಯ ಕಂಪ್ಯೂಟರಿಗೆ 8 ಜಿಬಿ ರ‍್ಯಾಮ್ ಸಾಕೇ, 16 ಹಾಕಿಸಬೇಕೇ? ಬಳಸಿದವರ ಅನುಭವಗಳು

ಕೇಳಿದವರು (ಶಿವಮೊಗ್ಗ): ನಮ್ಮ ಮನೆಯಲ್ಲಿ 2021ರಲ್ಲಿ ಅಸೆಂಬಲ್ ಮಾಡಿಸಿದ, ಹತ್ತನೇ ಜನರೇಷನ್ನಿನ ಐ3 ಕಂಪ್ಯೂಟರಿದೆ. ರ‍್ಯಾಮ್ (ತೆರೆದ ಕೆಲಸಗಳನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ) ಡಿಡಿಆರ್4 ಮಾದರಿಯದು, 8 ಜಿಬಿಯ ಒಂದೇ ಸ್ಟಿಕ್ ಇದೆ, ಇನ್ನೊಂದು ಸ್ಲಾಟ್ ಖಾಲಿ. ವಿಂಡೋಸ್ 11 ಹಾಕಿದ ಮೇಲೆ ನಿಧಾನವಾಗಿದೆ. ಮಗಳು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ನನ್ನದು ಟ್ಯಾಲಿ ಮತ್ತು ಬ್ರೌಸರ್ ಕೆಲಸ. ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಗದಗ, ಮುದ್ರಣ ವೃತ್ತಿ: ನನ್ನ ಕಂಪ್ಯೂಟರಿನಲ್ಲಿಯೂ ಮೊದಲು 8 ಜಿಬಿಯೇ ಇತ್ತು. ಲಗ್ನಪತ್ರಿಕೆಯ ಕೆಲಸವನ್ನು ನಾವು ಇಂದಿಗೂ ಪೇಜ್‌ಮೇಕರ್ 7ರಲ್ಲಿ, ನುಡಿ ಅಕ್ಷರಗಳಲ್ಲಿ ಮಾಡುತ್ತೇವೆ. ಅದು 32 ಬಿಟ್ ತಂತ್ರಾಂಶವಾದ್ದರಿಂದ ಎಷ್ಟು ರ‍್ಯಾಮ್ ಹಾಕಿಸಿದರೂ 2 ಜಿಬಿಗಿಂತ ಹೆಚ್ಚು ಮುಟ್ಟುವುದಿಲ್ಲ. ಇಷ್ಟನ್ನೇ ನೋಡಿ ಹೆಚ್ಚಿನ ರ‍್ಯಾಮ್ ದಂಡವೆಂದು ಹೇಳುವವರು ಫ್ಲೆಕ್ಸ್ ಕೆಲಸ ಮಾಡಿ ನೋಡಬೇಕು. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಫ್ಲೆಕ್ಸನ್ನು ಇಂಚಿಗೆ 100 ಚುಕ್ಕಿಯಂತೆ ಫೋಟೊಶಾಪ್‌ನಲ್ಲಿ ತೆರೆದರೆ 12,000ಕ್ಕೆ 7,200 ಚುಕ್ಕಿಗಳಾಗುತ್ತವೆ. ನಾಲ್ಕು ಬಣ್ಣಕ್ಕೆ ಲೆಕ್ಕ ಹಾಕಿದರೆ ಒಂದೇ ಲೇಯರ್ ಸುಮಾರು 330 ಎಂಬಿ ನುಂಗುತ್ತದೆ. ಹುಟ್ಟುಹಬ್ಬದ ಒಂದು ಬ್ಯಾನರಿಗೆ ನಾಯಕರ ಹಿಂದೆ ಇಪ್ಪತ್ತು ಜನ ಅಭಿಮಾನಿಗಳ ಮುಖ ಕೂರಿಸಬೇಕಾಗುತ್ತದೆ. 2023ರಲ್ಲಿ 16 ಜಿಬಿಯ ಎರಡು ಸ್ಟಿಕ್ ಹಾಕಿಸಿದೆ, ಒಂದಕ್ಕೆ ಜಿಎಸ್‌ಟಿ ಸೇರಿ 3,150 ರೂಪಾಯಿ. ಲಗ್ನದ ಸೀಜನ್ ಮುಗಿಯುವುದರೊಳಗೆ ಆ ಹಣ ಹುಟ್ಟಿತು.

ಮೈಸೂರು, ನಿವೃತ್ತ ಬ್ಯಾಂಕ್ ಉದ್ಯೋಗಿ: ಫ್ಲೆಕ್ಸ್ ಅಂಗಡಿಯ ಲೆಕ್ಕವನ್ನು ಮನೆಯ ಕಂಪ್ಯೂಟರಿಗೆ ಹೇಳುವುದು ಸರಿಯಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ನಾನು 8ರಲ್ಲಿ ಷೇರು ವ್ಯವಹಾರ, ಆದಾಯ ತೆರಿಗೆ ರಿಟರ್ನ್ಸ್, ಮೊಮ್ಮಗನ ಆನ್‌ಲೈನ್ ತರಗತಿ ಎಲ್ಲವನ್ನೂ ನಡೆಸುತ್ತಿದ್ದೇನೆ. ರಿಪೇರಿಗೆ ಬಂದ ಹುಡುಗ 16 ಜಿಬಿ ಹಾಕಿಸಲೇಬೇಕೆಂದು ಪಟ್ಟು ಹಿಡಿದಿದ್ದ. ನಾನು ಒಪ್ಪದೆ 2,900 ರೂಪಾಯಿಗೆ ಹಾರ್ಡ್ ಡಿಸ್ಕಿಗಿಂತ ವೇಗವಾಗಿ ಓಡುವ 480 ಜಿಬಿಯ ಎಸ್‌ಎಸ್‌ಡಿ ಮಾತ್ರ ಹಾಕಿಸಿ, ವಿಂಡೋಸನ್ನು ಅದಕ್ಕೆ ವರ್ಗಾಯಿಸಲು 500 ರೂಪಾಯಿ ಕೊಟ್ಟೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಆ ಡಿಸ್ಕ್ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಕಂಪ್ಯೂಟರ್ ಹ್ಯಾಂಗ್ ಆದಂತೆ ಕೂರುತ್ತದೆ, ಬೈಗುಳ ಮಾತ್ರ ರ‍್ಯಾಮಿಗೆ.

ಬೆಂಗಳೂರು, ತಂತ್ರಾಂಶ ವೃತ್ತಿ: ಹಿರಿಯರ ಮಾತನ್ನು ಗೌರವದಿಂದಲೇ ವಿರೋಧಿಸುತ್ತೇನೆ. 8 ಸಾಕೆಂಬ ಇದೇ ಭರವಸೆಯ ಮೇಲೆ ನನ್ನಿಂದ 62,000 ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳಿಸಿದರು. ಬೇಕಾದಾಗ ರ‍್ಯಾಮ್ ಹೆಚ್ಚಿಸಬಹುದೆಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದರು, ಬಿಲ್ಲಿನಲ್ಲಿ ಬರೆದಿರಲಿಲ್ಲ. ಹಿಂಬದಿ ಬಿಚ್ಚಿಸಿದಾಗ ಸ್ಲಾಟೇ ಇರಲಿಲ್ಲ. ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ (ಕಂಪ್ಯೂಟರಿನೊಳಗೆ ನಡೆಯುವ ನಕಲಿ ಫೋನ್) ತೆರೆದು, ಜೊತೆಗೆ ಬ್ರೌಸರ್ ಇಟ್ಟರೆ ಮೌಸ್ ಅಲುಗಾಡುತ್ತಿರಲಿಲ್ಲ. ಕಡೆಗೆ 31,000ಕ್ಕೆ ಮಾರಿದೆ. ಆ್ಯಪಲ್ ಕೂಡ 2024ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭಿಕ ರ‍್ಯಾಮನ್ನು 16 ಜಿಬಿಗೆ ಏರಿಸಿತು. ಓದುವ ಮಕ್ಕಳಿರುವ ಮನೆಗೆ 8 ಸಾಕೆಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಮೈಸೂರು: ನಿಮಗೆ ಮೋಸ ಮಾಡಿದವರು ಅಂಗಡಿಯವರು, ನಾನಲ್ಲ. ಎಮ್ಯುಲೇಟರ್ ನಡೆಸುವವರಿಗೂ 8 ಸಾಕೆಂದು ನಾನು ಎಲ್ಲಿ ಹೇಳಿದ್ದೇನೆ?

ಕೇಳಿದವರು: ದಯವಿಟ್ಟು ಕ್ಷಮಿಸಿ, ನಮ್ಮದು ಲ್ಯಾಪ್‌ಟಾಪ್ ಅಲ್ಲ. ಖಾಲಿ ಸ್ಲಾಟಿಗೆ ಬೇರೆ ಕಂಪನಿಯ ಸ್ಟಿಕ್ ಹಾಕಿದರೆ ನಡೆಯುತ್ತದೆಯೇ?

ಬೆಳಗಾವಿ, ರಿಪೇರಿ ವೃತ್ತಿ: ನಡೆಯುತ್ತದೆ, ಆದರೆ ಎರಡೂ ಸ್ಟಿಕ್‌ಗಳು ನಿಧಾನದ ಸ್ಟಿಕ್ಕಿನ ವೇಗಕ್ಕೆ ಇಳಿಯುತ್ತವೆ. ನನ್ನ ಮನೆಯ ಕಂಪ್ಯೂಟರಿಗೇ ಸೆಕೆಂಡ್ ಹ್ಯಾಂಡ್ 8 ಜಿಬಿ ಸ್ಟಿಕ್ಕನ್ನು 1,100 ರೂಪಾಯಿಗೆ ತಂದಿದ್ದೆ. ಮೊದಲ ದಿನ ಬರೀ ಬೀಪ್ ಸದ್ದು, ಪರದೆ ಕಪ್ಪು. ಸ್ಲಾಟ್ ಬದಲಾಯಿಸಿದ ಮೇಲೆ ವಿಂಡೋಸ್ ತೆರೆಯಿತು. ಆಮೇಲೆ ದೊಡ್ಡ ಫೈಲ್ ನಕಲು ಮಾಡುವಾಗಲೆಲ್ಲ ಬ್ಲೂ ಸ್ಕ್ರೀನ್. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದಾಗ ದೋಷ ತೋರಿಸುವ ಕೆಂಪು ಸಾಲುಗಳು ಒಂದರ ಕೆಳಗೊಂದು ಬಂದು ತುಂಬಿದವು. ಮಾರಿದವರು ಒಂದು ಪೈಸೆಯನ್ನೂ ಹಿಂದಿರುಗಿಸಲಿಲ್ಲ. ಹೊಸದನ್ನೇ, ಬಿಲ್ಲು ಮತ್ತು ವಾರಂಟಿಯೊಡನೆ ಕೊಳ್ಳಿ. ಎರಡು ಸ್ಟಿಕ್ ಇದ್ದರೆ ಇನ್ನೊಂದು ಲಾಭವಿದೆ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಪರದೆಯ ಕೆಲಸವೂ ಇದೇ ರ‍್ಯಾಮಿನಿಂದ ನಡೆಯುವುದರಿಂದ, ಸ್ಟಿಕ್ಕಿಗೊಂದರಂತೆ ಮಾಹಿತಿ ಹರಿಯುವ ಎರಡು ದಾರಿಗಳು ತೆರೆದರೆ ಅದಕ್ಕೂ ವೇಗ ಬರುತ್ತದೆ.

ಗದಗ: ಬೀಪ್ ಬಂದರೆ ಸ್ಟಿಕ್ ತೆಗೆದು ಅದರ ಹೊಳೆಯುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದರೆ ಸಾಕು. ರಿಪೇರಿಯವರು ಇದನ್ನು ಹೇಳದೆ ಹೊಸ ಸ್ಟಿಕ್ ಮಾರುತ್ತಾರೆ.

ಬೆಳಗಾವಿ: ಈ ಆರೋಪವನ್ನು ನಾನು ಒಪ್ಪುವುದಿಲ್ಲ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದ ಮದರ್‌ಬೋರ್ಡುಗಳನ್ನು ಬ್ರಷ್ ಹಿಡಿದು ಸ್ವಚ್ಛ ಮಾಡುವವರು ನಾವು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಬೇಕು. ಕೆಟ್ಟುಹೋದ ಚಿಪ್ ಯಾವ ರಬ್ಬರಿನಿಂದಲೂ ಸರಿಯಾಗುವುದಿಲ್ಲ.

ಗದಗ: ನಮ್ಮ ಅಂಗಡಿಯ ನಾಲ್ಕೂ ಕಂಪ್ಯೂಟರುಗಳು ರಬ್ಬರಿನಿಂದಲೇ ಎದ್ದು ಕೂತಿವೆ. ನೀವು ಕಂಡದ್ದು ನಿಮಗೆ, ನಾನು ಕಂಡದ್ದು ನನಗೆ.

ಬೆಂಗಳೂರು: ರಬ್ಬರಿನ ಜಗಳದಲ್ಲಿ ಬೆಲೆಯ ಮಾತು ಉಳಿದೇಹೋಯಿತು. ಗದಗದವರು ಕೊಟ್ಟ 3,150 ರೂಪಾಯಿಯನ್ನು ನಂಬಿ ಯಾರೂ ನಮ್ಮ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಬೇಡಿ. ಚಿಪ್ ಕಂಪನಿಗಳು ಎಐ ಡೇಟಾ ಸೆಂಟರುಗಳ ಕಡೆಗೆ ಹೊರಳಿದ್ದರಿಂದ 2025ರ ಕೊನೆಯಲ್ಲಿ ಬೆಲೆಗಳು ವಿಪರೀತ ಏರಿದವು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರುಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಬೇಕಿದ್ದವರು ಕಾಯದೆ ಕೊಳ್ಳುವುದೇ ಲೇಸು.

ಮೈಸೂರು: ಬೆಲೆ ಏರಿದೆ ಎಂದೇ ಕೊಳ್ಳಬೇಕೆಂಬುದು ಯಾವ ತರ್ಕ? ಹಣ ಎಣಿಸುವ ಕೆಲಸದಲ್ಲಿ ಆಯುಷ್ಯ ಕಳೆದವನು ನಾನು. ಮಗಳ ಕೆಲಸವನ್ನೂ ಟ್ಯಾಲಿಯನ್ನೂ ಒಟ್ಟಿಗೆ ತೆರೆದು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಕಮಿಟೆಡ್ (ತೆರೆದ ತಂತ್ರಾಂಶಗಳಿಗೆ ಒಟ್ಟು ಬೇಕಾದ ಮೆಮೊರಿ) ಎಂಬಲ್ಲಿನ ಮೊದಲ ಅಂಕಿಯನ್ನು ನೋಡಿ. ಅದು ಸದಾ ಎಂಟನ್ನು ದಾಟಿ ನಿಂತಿದ್ದರೆ ಇನ್ನೊಂದು 8 ಜಿಬಿ ಹಾಕಿಸಿ, ನನ್ನ ತಕರಾರಿಲ್ಲ. ಐದಾರರಲ್ಲಿದ್ದರೆ ಆ ಹಣವನ್ನು ಎಸ್‌ಎಸ್‌ಡಿಗೆ ಹಾಕಿ.

ಬೆಂಗಳೂರು: ಮೊದಲ ಸೆಮಿಸ್ಟರಿನಲ್ಲಿ ಐದಾರೇ ಇರುತ್ತದೆ, ಸರ್. ಪ್ರಾಜೆಕ್ಟ್ ಕೊಟ್ಟಾಗ ನೋಡಿ.